ಹಳೆಯ ಗಂಟಿನ ಮೇಲಿನ ತಿಕೀಟುಗಳು

ಹಳೆಯ ಟಪಾಲು ತಿಕೀಟುಗಳಿಗೆ ಲಕ್ಷಗಟ್ಟಲೆ ಬೆಲೆ ಬರುತ್ತದೆಂಬ ಸುದ್ದಿಯು ಈಚೆಗೆ ನಮ್ಮ ಘಟ್ಟದ ಮೇಲಿನ ಹಳ್ಳಿಗಳಿಗೂ ಏರಿ ಬಂದಿದೆ. ಯಾರೋ ಯಾರಿಗೋ ಮೊಬೈಲಿನಲ್ಲಿ ಕಳಿಸಿದ ಮಾತು ಅದು. ಆದರೆ ಅದರ ಪರಿಣಾಮವಾಗಿ ಅಟ್ಟದ ಮೇಲಿನ ಪೆಟ್ಟಿಗೆಗಳು ಕೆಳಗಿಳಿಯತೊಡಗಿವೆ, ಹಿರಿಯರ ಕಾಗದಪತ್ರಗಳ ಮೂಲೆಗಳು ಕತ್ತರಿಗೆ ತುತ್ತಾಗತೊಡಗಿವೆ. ಸುದ್ದಿಯು ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. 1854ರಲ್ಲಿ ಕಲಕತ್ತೆಯಲ್ಲಿ ಅಚ್ಚಾದ ನಾಲ್ಕಾಣೆಯ ತಿಕೀಟಿನ ಕೆಲವು ಪ್ರತಿಗಳಲ್ಲಿ ವಿಕ್ಟೋರಿಯಾ ರಾಣಿಯ ತಲೆಯು ಮೇಲುಕೆಳಗಾಗಿ ಬಿದ್ದಿತು. ಆ ತಪ್ಪಚ್ಚಿನ ತಿಕೀಟು ಈಗ ಕುಬೇರರ ಸಂಗ್ರಹಕ್ಕೆ ಮಾತ್ರ ಎಟಕುವಂಥದು. 1948ರ ಆಗಸ್ಟ್ 15ರಂದು ಹೊರಟ ಗಾಂಧೀಜಿಯವರ ಹತ್ತು ರೂಪಾಯಿಯ ತಿಕೀಟಿನ ಮೇಲೆ ಗವರ್ನರ್ ಜನರಲ್ಲರ ಉಪಯೋಗಕ್ಕೆಂದು ‘ಸರ್ವಿಸ್’ ಎಂಬ ಮೇಲಚ್ಚನ್ನು ಒತ್ತಿದ ಪ್ರತಿಗಳು ಕೆಲವಿದ್ದವು. ಅವುಗಳಲ್ಲಿ ನಾಲ್ಕು ತಿಕೀಟುಗಳ ಒಂದು ಪಟ್ಟಿಯು 2017ರಲ್ಲಿ ಐದು ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಇಂಥ ಒಂದೆರಡು ನಿಜಗಳ ಬಾಲ ಹಿಡಿದು ಹತ್ತು ಸಾವಿರ ದುರಾಶೆಗಳು ಊರು ತಿರುಗುತ್ತವೆ. ನಮ್ಮ ನಿಮ್ಮ ಮನೆಯ ಪೆಟ್ಟಿಗೆಯಲ್ಲಿರುವದು ಕೋಟಿ ಕೋಟಿಯಾಗಿ ಅಚ್ಚಾದ ಸಾಮಾನ್ಯ ತಿಕೀಟು. ಅದನ್ನು ಸುಲಿದು ಮಾರಿದರೆ ಒಂದು ಹೊತ್ತಿನ ಚಹದ ಖರ್ಚು ಹೊರಡಬಹುದು. ಆದರೆ ಸುಲಿಯದೆ ಇದ್ದಲ್ಲಿಯೇ ಬಿಟ್ಟರೆ ಅದರಿಂದ ಹೊರಡತಕ್ಕದ್ದು ಬೇರೆ ಉಂಟು. ಈ ತಿಂಗಳು ಅಂಥದೊಂದು ಸಂಗತಿಯನ್ನು, ಆ ಮನೆಯವರ ಒಪ್ಪಿಗೆಯನ್ನು ಪಡೆದು, ವಾಚಕರ ಮುಂದಿಡುತ್ತೇನೆ.

ನಮ್ಮ ಮಾಗೋಡಿನ ಸೀಮೆಯ ಒಂದು ಅಡಕೆ ತೋಟದ ಮನೆಯಲ್ಲಿ ಕಳೆದ ಬೇಸಗೆಯಲ್ಲಿ ಮಾಡಿನ ಹಂಚುಗಳನ್ನು ತೆಗೆದು ರಿಪೇರಿಯನ್ನು ಕೈಕೊಂಡಿದ್ದರು. ಅಟ್ಟವನ್ನು ಖಾಲಿ ಮಾಡುವಾಗ ಯಜಮಾನರ ಅಜ್ಜಿಯ ಮರದ ಪೆಟ್ಟಿಗೆಯು ಸಿಕ್ಕಿತು. ಅದರ ತಳದಲ್ಲಿ, ಒಂದು ಹಳೆಯ ಸೀರೆಯ ಕೆಳಗೆ, ಅಚ್ಚುಕಟ್ಟಾಗಿ ಮಡಿಸಿಟ್ಟ ಮಾದರಪಾಟಿನ ಬಟ್ಟೆಯೊಂದು ಇತ್ತು. ಬಿಚ್ಚಿ ನೋಡಿದರೆ ಟಪಾಲಿನಲ್ಲಿ ಹೋಗಿಬಂದ ಗಂಟಿನ ಹೊದಿಕೆ: ಅಂಚಿನಲ್ಲಿ ಹೊಲಿಗೆಯ ತೂತುಗಳು, ಅರಗಿನ ಕಲೆ, ಎಣ್ಣೆಯ ಕಲೆ, ನಡುವೆ ಇಂಗ್ಲಿಷಿನಲ್ಲಿ ಗುಂಡಗೆ ಬರೆದ ಮುಂಬಯಿಯ ವಿಳಾಸ, ಮೇಲೆ ಎಂಟು ತಿಕೀಟುಗಳು, ಸುತ್ತಲೂ ಕಪ್ಪು ಮುದ್ರೆಗಳು. ಕಾಲೇಜಿನಲ್ಲಿ ಓದುವ ಮೊಮ್ಮಗನು ಅದನ್ನೆತ್ತಿಕೊಂಡು ನನ್ನಲ್ಲಿಗೆ ಬಂದನು. “ಮಾಸ್ತರೇ, ಇದಕ್ಕೆ ಎಷ್ಟು ಬರಬಹುದು? ನೀರಿನಲ್ಲಿ ನೆನೆಹಾಕಿದರೆ ತಿಕೀಟು ತಾನಾಗಿ ಬಿಡುತ್ತದಂತೆ” ಎಂದು ಕೇಳಿದನು. ನೆನೆಹಾಕಲಿಕ್ಕೆ ಮನೆಯಲ್ಲಿ ಬೋಗುಣಿಯನ್ನೂ ತೆಗೆದಿಟ್ಟು ಬಂದಿದ್ದನಂತೆ. “ತಮಾ, ಒಂದು ದಿನ ತಡೆ, ಮೊದಲು ಓದೋಣ, ಆಮೇಲೆ ನೆನೆಹಾಕುವ ಮಾತು” ಎಂದು ನಾನು ಬಟ್ಟೆಯನ್ನು ಕಿಟಕಿಯ ಬಳಿ ಹರಡಿದೆನು.

ಮರುದಿನ ಯಜಮಾನರೇ ಬಂದರು. ಎಪ್ಪತ್ತೈದರ ಮೇಲಿನ ವಯಸ್ಸು, ಮಿತಭಾಷಿಗಳು. ಬಟ್ಟೆಯನ್ನು ಕಂಡೊಡನೆ ಅವರ ಮುಖವು ಬಿಗಿಯಿತು. “ಇದು ಆ ಗಂಟಿನ ಬಟ್ಟೆಯೇ ಸರಿ. ಸುಟ್ಟುಹಾಕಿರಬಹುದೆಂದು ತಿಳಿದಿದ್ದೆವು” ಎಂದರು. ಆ ಮನೆಯಲ್ಲಿ ಮೂರು ತಲೆಗಳಿಂದ ನಡೆದುಬಂದ ಮಾತೊಂದಿದೆ. ಯಜಮಾನರ ದೊಡ್ಡಪ್ಪನು ಹತ್ತೊಂಬತ್ತನೆಯ ವಯಸ್ಸಿನಲ್ಲಿ ತಂದೆಯೊಡನೆ ಜಗಳವಾಡಿ ಮುಂಬಯಿಗೆ ಓಡಿಹೋಗಿ ಒಂದು ಖಾನಾವಳಿಯಲ್ಲಿ ಕೆಲಸಕ್ಕೆ ನಿಂತನು. ನಮ್ಮ ಸೀಮೆಯ ಎಷ್ಟೋ ಹುಡುಗರು ಆ ಕಾಲದಲ್ಲಿ ಹಿಡಿದ ದಾರಿಯೇ ಅದು. ತಾಯಿಯು ಗಂಡನ ಕಣ್ಣು ತಪ್ಪಿಸಿ ದೊಡ್ಡಹಬ್ಬಕ್ಕೆಂದು ಹಲಸಿನ ಹಪ್ಪಳ, ಎಳ್ಳುಂಡೆಗಳ ಗಂಟನ್ನು ಕಟ್ಟಿ ಕಳಿಸಿದಳು. ಹಬ್ಬ ಕಳೆದ ಮೇಲೆ ಗಂಟು ಹಾಗೆಯೇ ತಿರುಗಿ ಬಂದಿತು. “ತಾಯಿ ಕಳಿಸಿದ ಗಂಟನ್ನೂ ಒದ್ದು ಕಳಿಸಿದವನು” ಎಂಬ ಬಿರುದು ಅಂದಿನಿಂದ ಆ ಮಗನಿಗೆ ಅಂಟಿತು. ತಂದೆಯು ಆಮೇಲೆ ಆತನ ಹೆಸರನ್ನೇ ಎತ್ತಗೊಡಲಿಲ್ಲ. ತಾಯಿಯು ಈ ವಿಷಯವಾಗಿ ಒಂದು ಮಾತನ್ನೂ ಆಡಿದವಳಲ್ಲ. ಬಟ್ಟೆಯನ್ನು ಮಾತ್ರ ಪೆಟ್ಟಿಗೆಯ ತಳಕ್ಕೆ ಸೇರಿಸಿದ್ದಳೆಂಬದು ಈಗ ತಿಳಿದಂತಾಯಿತು.

ಗಂಟು ತಿರುಗಿ ಬಂದರೆ ಅದು ತಿರಸ್ಕಾರವೆಂದು ಆ ಮನೆಯವರು ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ. ಅದನ್ನು ಅರಿಯಬೇಕಾದರೆ ತಿಕೀಟೆಂಬ ಪದಾರ್ಥವು ಲೋಕದಲ್ಲಿ ಯಾಕೆ ಹುಟ್ಟಿತೆಂಬದನ್ನು ಸ್ವಲ್ಪ ನೋಡಬೇಕು. ಇಂಗ್ಲಂಡಿನಲ್ಲಿ 1840ಕ್ಕಿಂತ ಮುಂಚೆ ಪತ್ರದ ಕೂಲಿಯನ್ನು ಸಾಮಾನ್ಯವಾಗಿ ಪಡೆಯುವವನೇ ತೆರಬೇಕಾಗುತ್ತಿತ್ತು. ಕೂಲಿಯು ದೂರದ ಮೇಲೆ ಏರುತ್ತಿತ್ತು. ಬಡವನ ಮನೆಗೆ ಪತ್ರ ಬಂದರೆ ಅದು ಸಂತೋಷವೋ ದಂಡವೋ ಹೇಳಲಾಗುತ್ತಿರಲಿಲ್ಲ. ಪತ್ರವನ್ನು ಬೇಡವೆಂದು ತಿರುಗಿಸುವದು ಆಗ ಅಪಮಾನವಾಗಿರದೆ ಕೇವಲ ಬಡತನದ ಲಕ್ಷಣವಾಗಿತ್ತು. ರೋಲೆಂಡ್ ಹಿಲ್ ಎಂಬ ಮಹಾಶಯನು ಕೂಲಿಯನ್ನು ಕಳಿಸುವವನೇ ಮುಂಗಡವಾಗಿ ಕೊಡಬೇಕು, ಕೊಟ್ಟದ್ದಕ್ಕೆ ಗುರುತಾಗಿ ಒಂದು ಸಣ್ಣ ಅಂಟುಚೀಟಿ ಇರಬೇಕು ಎಂದು ವಾದಿಸಿ ಗೆದ್ದನು. 1840ರ ಮೇ 6ರಂದು ಬಳಕೆಗೆ ಬಂದ ಕಪ್ಪು ಪೆನ್ನಿಯ ತಿಕೀಟೇ ಆ ಗುರುತು. ನಮ್ಮ ದೇಶದಲ್ಲಿ ಸಿಂಧ ಪ್ರಾಂತದವರು 1852ರಲ್ಲಿ ಇದರ ಪ್ರಯೋಗ ಮಾಡಿದರು. 1854ರ ಅಕ್ಟೋಬರ್ 1ರಿಂದ ದೇಶಕ್ಕೆಲ್ಲ ಒಂದೇ ಬಗೆಯ ತಿಕೀಟುಗಳು ಬಂದವು. ಅದಕ್ಕಿಂತ ಮುಂಚೆ ಕಲಕತ್ತೆಯಿಂದ ಮುಂಬಯಿಗೆ ಒಂದು ತೊಲೆಯ ಪತ್ರಕ್ಕೆ ಒಂದು ರೂಪಾಯಿ ಬೀಳುತ್ತಿತ್ತು; ಅಂದಿನಿಂದ ಕಾಲು ತೊಲೆಯ ಪತ್ರಕ್ಕೆ, ಎಷ್ಟು ದೂರ ಹೋದರೂ, ಅರ್ಧಾಣೆ. ತಿಕೀಟು ಹಚ್ಚದೆ ಕಳಿಸಿದರೆ ಪಡೆಯುವವನು ಇಮ್ಮಡಿ ತೆರಬೇಕು. ಆದ್ದರಿಂದ ತಿಕೀಟೆಂದರೆ ‘ನಿನ್ನ ಭಾರವನ್ನು ನಾನು ಹೊತ್ತಿದ್ದೇನೆ, ನೀನು ಬರಿಗೈ ಚಾಚಿದರೆ ಸಾಕು’ ಎಂದು ಕಳಿಸುವವನು ಹೇಳುವ ಮಾತು. ಹಾಗೆ ಹೇಳಿ ಕಳಿಸಿದ್ದನ್ನು ತಿರುಗಿಸಿದರೆ ಬಡತನದ ನೆವವು ಉಳಿಯುವದಿಲ್ಲ. ಮನಸ್ಸಿನ ಕಹಿಯೊಂದೇ ಕಾರಣವೆಂದು ಜನರು ಅರ್ಥ ಮಾಡುತ್ತಾರೆ. ಆ ಮನೆಯವರು ಮಾಡಿದ್ದೂ ಅದನ್ನೇ.

ಇಲ್ಲಿ ಶಬ್ದಗಳ ಮಾತೊಂದು. ಶರಾವತಿಯ ಆಚೆಯವರು ‘ಅಂಚೆ’ ಎನ್ನುವದನ್ನು ಮುಂಬಯಿ ಇಲಾಖೆಗೆ ಸೇರಿದ್ದ ನಮ್ಮ ಜಿಲ್ಲೆಯಲ್ಲಿ ‘ಟಪಾಲು’ ಎಂದೇ ಕರೆಯುವ ವಾಡಿಕೆ. ಮೈಸೂರಿನ ಅಂಚೆಯು ಚಿಕ್ಕದೇವರಾಜ ಒಡೆಯರ ಕಾಲದ್ದು, 1672ರಷ್ಟು ಹಳೆಯದು. 1889ರಲ್ಲಿ ಅದು ಹಿಂದುಸ್ತಾನದ ಟಪಾಲು ಖಾತೆಯಲ್ಲಿ ಸೇರಿಹೋಯಿತು. ‘ಅಂಚೆ’ಯು ‘ಹಂಸ’ದ ತದ್ಭವವೆಂಬದನ್ನು ಹಳಗನ್ನಡ ಓದಿದವರೆಲ್ಲ ಬಲ್ಲರು, ದಮಯಂತಿಗೆ ನಲ್ಲನ ಸಂದೇಶವನ್ನು ಒಯ್ದದ್ದು ಹಂಸವೇ ಆದದ್ದರಿಂದ ಟಪಾಲಿನ ಅಂಚೆಯೂ ಅದೇ ಎಂದು ಕೆಲವು ಪಂಡಿತರು ಹಿಗ್ಗುತ್ತಾರೆ. ಅರ್ಥ ಚೆಲುವಾಗಿದ್ದ ಮಾತ್ರಕ್ಕೆ ವ್ಯುತ್ಪತ್ತಿಯು ನಿಜವಾಗುವದಿಲ್ಲವೆಂದು ನನ್ನ ಅಭಿಪ್ರಾಯ. ‘ಹರಿಕಾರ’ನ ಸಂಗತಿಯು ಇನ್ನೂ ಮೋಜಿನದು. ಈಗಿನ ಪತ್ರಿಕೆಗಳು ಹೊಸ ಕಾರ್ಯದ ಮೊದಲಿಗನಿಗೆ ಈ ಪದವನ್ನು ಹಚ್ಚಿ, ಅದರಲ್ಲಿ ಏನೋ ಹರಿಯ ಅನುಗ್ರಹವುಂಟೆಂಬಂತೆ ಗೌರವಿಸುತ್ತವೆ. ಅದು ಸಂಸ್ಕೃತವಲ್ಲ, ಪಾರಸಿಯ ‘ಹರ್‌ಕಾರಾ’; ಎಲ್ಲ ಕೆಲಸಕ್ಕೂ ಓಡುವ ಆಳು ಎಂದರ್ಥ. ಟಪಾಲಿನ ಚೀಲವನ್ನು ಹೊತ್ತು ಓಡುವವನೇ ಹರಿಕಾರ. ಗಂಟಿಗೆ ಹಿಂದಿನವರು ‘ಬಂಗಿ’ ಎನ್ನುತ್ತಿದ್ದರು. ಹೆಗಲ ಮೇಲಿನ ಅಡ್ಡೆಗೆ ಹಿಂದಿಯಲ್ಲಿ ‘ಬಹಂಗಿ’ ಎಂದು ಹೆಸರು, ಹೊರೆಯು ಅದರಲ್ಲಿ ತೂಗಿಕೊಂಡು ಹೋಗುತ್ತಿದ್ದದರಿಂದ ಹೊರೆಗೂ ಅದೇ ಹೆಸರಾಯಿತು.

ಇನ್ನು ನಮ್ಮ ಬಟ್ಟೆಯ ಕಡೆಗೆ ಬರೋಣ. ಎಂಟು ತಿಕೀಟುಗಳಲ್ಲಿ ಮೂರು ಎರಡಾಣೆಯವು, ಕುಂಕುಮದಂಥ ಕೆಂಪು. ಒಂದು ನಾಲ್ಕಾಣೆಯದು, ಕಂದು ಬಣ್ಣದ್ದು. ಉಳಿದ ನಾಲ್ಕು ಅರ್ಧಾಣೆಯವು, ಹಸುರು. ಒಟ್ಟು ಹನ್ನೆರಡಾಣೆ, ಅಂದರೆ ಮುಕ್ಕಾಲು ರೂಪಾಯಿ. ಕೆಂಪು ಮತ್ತು ಕಂದು ತಿಕೀಟುಗಳು ಆರನೆಯ ಜಾರ್ಜ್ ದೊರೆಯ ಹೆಸರಿನಲ್ಲಿ 1937ರಲ್ಲಿ ಹೊರಟ ಮಾಲೆಗೆ ಸೇರಿದವು. ನಾಸಿಕದಲ್ಲಿ 1925ರಲ್ಲಿ ಸ್ಥಾಪಿತವಾದ ಸರಕಾರಿ ಮುದ್ರಣಾಲಯದ ಕೆಲಸ. ಈ ಮಾಲೆಯನ್ನು ಯೋಚಿಸಿದವರ ರಸಿಕತೆಯನ್ನು ಮೆಚ್ಚತಕ್ಕದ್ದು; ಟಪಾಲು ಯಾವ ಯಾವ ರೀತಿಯಿಂದ ಸಾಗುತ್ತದೆಯೋ ಆ ರೀತಿಗಳನ್ನೇ ಚಿತ್ರಿಸಿದರು. ಎರಡಾಣೆಗೆ ಓಡುವ ಹರಿಕಾರ, ಎರಡೂವರೆ ಆಣೆಗೆ ಎತ್ತಿನ ಬಂಡಿ, ಮೂರಾಣೆಗೆ ಟಾಂಗಾ, ಮೂರೂವರೆಗೆ ಒಂಟೆ, ನಾಲ್ಕಕ್ಕೆ ರೈಲು, ಆರಕ್ಕೆ ಹಡಗು, ಎಂಟಕ್ಕೆ ಲಾರಿ, ಹನ್ನೆರಡಕ್ಕೆ ವಿಮಾನ. ನಡಿಗೆಯಿಂದ ಹಾರುವವರೆಗೆ ಬೆಲೆಯೂ ಏರುತ್ತ ಹೋಗುತ್ತದೆ.

ಹನ್ನೆರಡಾಣೆಯ ವಿಮಾನವೊಂದನ್ನೇ ಹಚ್ಚಿದ್ದರೆ ಕೆಲಸ ಮುಗಿಯುತ್ತಿತ್ತಲ್ಲ ಎಂದು ಹುಡುಗನು ಕೇಳಿದನು. ತಾಲೂಕಿನ ಟಪಾಲು ಕಚೇರಿಯಲ್ಲಿ ಅಷ್ಟು ಬೆಲೆಯ ತಿಕೀಟನ್ನು ಕೇಳುವವರು ಎಷ್ಟು ಜನ? ಇದ್ದದ್ದನ್ನು ಗುಮಾಸ್ತೆ ಕೊಟ್ಟಿರಬೇಕು. ಆದರೆ ಆ ಬಡ ಆಯ್ಕೆಯೇ ಗಂಟಿನ ನಿಜವಾದ ದಾರಿಯನ್ನು ಚಿತ್ರಿಸಿದೆ. ಮುದ್ರೆಯು ಯಲ್ಲಾಪುರದ್ದು. ಮಾಗೋಡಿನಿಂದ ಯಲ್ಲಾಪುರವು ಹತ್ತು ಹನ್ನೆರಡು ಮೈಲಿ. ಬೇಡ್ತಿಯ ನದಿಯು ಎರಡು ನೆಗೆತದಲ್ಲಿ 650 ಅಡಿ ಧುಮುಕುವ ಸದ್ದನ್ನು ಬೆನ್ನಿಗಿಟ್ಟುಕೊಂಡು, ಗಂಟನ್ನು ಹೊತ್ತು, ಯಾರೋ ಕಾಡಿನಲ್ಲಿ ನಡೆದುಹೋಗಿರಬೇಕು. ಅಲ್ಲಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಮದ್ರಾಸ್ ಮತ್ತು ಸದರ್ನ್ ಮರಾಠಾ ರೈಲಿನಲ್ಲಿ ಪುಣೆ, ಪುಣೆಯಲ್ಲಿ ಅಗಲ ಹಳಿಯ ಬೇರೆ ಗಾಡಿಗೆ ಬದಲಾಯಿಸಿ ಮುಂಬಯಿ. ಈಟಿಗೆ ಗೆಜ್ಜೆ ಕಟ್ಟಿಕೊಂಡು, ಅದರ ಸದ್ದಿನಿಂದ ಕಾಡುಮೃಗಗಳನ್ನು ಬೆದರಿಸುತ್ತ ಓಡುತ್ತಿದ್ದ ಹರಿಕಾರರನ್ನು ನಮ್ಮ ಅಜ್ಜಂದಿರು ಕಣ್ಣಾರೆ ಕಂಡವರು. ಪಟ್ಟಣದ ಸಂಗ್ರಹಕಾರನಿಗೆ ಎರಡಾಣೆಯ ಈ ತಿಕೀಟು ಒಂದು ಚಿತ್ರ. ನಮ್ಮ ಕಡೆಯವರಿಗೆ ಅದು ಗುರುತಿನ ಮುಖ.

ಹಸುರು ತಿಕೀಟುಗಳದು ಬೇರೆಯೇ ಕಥೆ. ಅವು ಐದನೆಯ ಜಾರ್ಜನ ಪಟ್ಟದ ಇಪ್ಪತ್ತೈದನೆಯ ವರ್ಷದ ಉತ್ಸವಕ್ಕೆಂದು 1935ರ ಮೇ ತಿಂಗಳಲ್ಲಿ ಹೊರಟವು. ಆ ಮಾಲೆಯ ಅರ್ಧಾಣೆಯ ಮೇಲಿರುವ ಚಿತ್ರವು ಮುಂಬಯಿಯ ಸಮುದ್ರದಂಡೆಯ ಕಮಾನು, ‘ಗೇಟ್‌ವೇ ಆಫ್ ಇಂಡಿಯಾ’. ಹೀಗಾಗಿ ಒಂದೇ ಬಟ್ಟೆಯ ಮೇಲೆ ತಂದೆ ಮಗ ಇಬ್ಬರು ದೊರೆಗಳು ಕೂತಿದ್ದಾರೆ. ನಡುವೆ ಹತ್ತು ಹನ್ನೊಂದು ತಿಂಗಳು ಆಳಿ 1936ರ ಡಿಸೆಂಬರಿನಲ್ಲಿ ಸಿಂಹಾಸನ ಬಿಟ್ಟ ಎಂಟನೆಯ ಎಡ್ವರ್ಡನ ಹೆಸರಿನ ತಿಕೀಟು ನಮ್ಮ ದೇಶದಲ್ಲಿ ಅಚ್ಚಾಗಲೇ ಇಲ್ಲ. ಮನೆ ಬಿಟ್ಟ ಹಿರಿಯ ಮಗನ ಹೆಸರನ್ನು ಅಳಿಸುವದು ಅರಮನೆಯಲ್ಲಿಯೂ ಉಂಟು.

1939ರಲ್ಲಿ ಕಳಿಸಿದ ಗಂಟಿನ ಮೇಲೆ 1935ರ ತಿಕೀಟು ಯಾಕೆ? ಕಚೇರಿಯಲ್ಲಿ ಮಾರದೆ ಉಳಿದದ್ದನ್ನು ಗುಮಾಸ್ತೆ ತಳ್ಳಿರಬಹುದು. ಸಾಧಾರಣವಾಗಿ ಹೀಗೆಯೇ ಆಗುತ್ತದೆಂದು ನಾನೂ ಒಪ್ಪುತ್ತೇನೆ. ಆದರೆ ಬಟ್ಟೆಯನ್ನು ಭೂತಕನ್ನಡಿಯಿಂದ ನೋಡಿದಾಗ ಒಂದು ವಿಶೇಷ ಕಂಡಿತು. ಕೆಂಪು, ಕಂದು ತಿಕೀಟುಗಳು ಒಂದೇ ಸಾಲಿನಲ್ಲಿ, ಅಂಚುಗಳು ಸ್ವಲ್ಪವೂ ಮಾಸದಂತೆ, ತಮ್ಮ ಸ್ವಂತ ಗೋಂದಿನಿಂದ ಅಂಟಿಕೊಂಡಿವೆ. ಹಸುರು ನಾಲ್ಕು ಮಾತ್ರ ಬಿಡಿಸದ ಒಂದೇ ತುಂಡು, ಬೇರೊಂದು ಮೂಲೆಯಲ್ಲಿ, ಸ್ವಲ್ಪ ಸೊಟ್ಟಗೆ. ಅವುಗಳ ಅಂಚನ್ನು ಬೆಳ್ಳಿಹುಳುಗಳು ಕಚ್ಚಿ ತಿಂದಿವೆ, ಕೆಳಗೆ ಬಿಳಿಯ ಹಿಟ್ಟಿನಂಥ ಪುಡಿಯಿದೆ. ಅದು ಅನ್ನದ ಅಂಟು. ನಾಲ್ಕು ಮಳೆಗಾಲಗಳನ್ನು ಕಂಡ ತಿಕೀಟಿನ ಗೋಂದು ನಮ್ಮ ಮಲೆನಾಡಿನ ತಂಪಿಗೆ ಉಳಿಯುವದಿಲ್ಲ. ಅದನ್ನು ಹಚ್ಚಬೇಕಾದರೆ ಒಂದಗುಳು ಅನ್ನವೇ ಗತಿ. ಕಚೇರಿಯ ಗುಮಾಸ್ತೆ ಅನ್ನ ಹಿಸುಕಿ ತಿಕೀಟು ಹಚ್ಚುವನೇ? ಈ ನಾಲ್ಕು ಮನೆಯಲ್ಲಿಯೇ ಹಚ್ಚಿದವು, ಮನೆಯಲ್ಲಿಯೇ ನಾಲ್ಕು ವರ್ಷ ಇದ್ದವು. ಯಾರು ಕೊಂಡದ್ದು? 1935ರಲ್ಲಿ ಆ ಮಗನಿಗೆ ಹದಿನೈದು ವರ್ಷ, ಯಲ್ಲಾಪುರದಲ್ಲಿ ಕಲಿಯುತ್ತಿದ್ದನೆಂದು ಯಜಮಾನರು ಹೇಳಿದರು. ಮುಂಬಯಿಯ ಚಿತ್ರವನ್ನು ಎರಡಾಣೆ ತೆತ್ತು ಕೊಂಡು ಪುಸ್ತಕದಲ್ಲಿಟ್ಟುಕೊಂಡ ಹುಡುಗನೊಬ್ಬನು ನನ್ನ ಕಣ್ಣ ಮುಂದೆ ಬರುತ್ತಾನೆ. ಅವನು ಹೋದ ಮೇಲೆ ಅವನ ತಿಕೀಟನ್ನು ಅವನ ಗಂಟಿಗೇ ಹಚ್ಚಿದ ತಾಯಿಯೂ ಬರುತ್ತಾಳೆ. ಇದು ಊಹೆ, ಸಾಕ್ಷಿಯು ಅನ್ನದ ಅಂಟಿನವರೆಗೆ ಮಾತ್ರ ಬರುತ್ತದೆ, ಅಲ್ಲಿಂದ ಮುಂದೆ ಬರುವದಿಲ್ಲ.

ಮುದ್ರೆಗಳಲ್ಲಿ ಮಾತ್ರ ಊಹೆಗೆ ಎಡೆಯಿಲ್ಲ. ಯಲ್ಲಾಪುರದ ಮುದ್ರೆಯಲ್ಲಿ 1939ರ ಅಕ್ಟೋಬರ್ 28 ಸ್ಪಷ್ಟವಾಗಿದೆ. ಯುರೋಪಿನಲ್ಲಿ ಯುದ್ಧವು ಹೊತ್ತಿಕೊಂಡು ಎರಡು ತಿಂಗಳೂ ಆಗಿರಲಿಲ್ಲ. ಮುಂಬಯಿಯ ಮುದ್ರೆ ಅಕ್ಟೋಬರ್ 31. ತಿರುಗಿ ಯಲ್ಲಾಪುರವನ್ನು ಮುಟ್ಟಿದ್ದು ನವೆಂಬರ್ 20. ಆ ವರ್ಷ ದೀಪಾವಳಿಯು ನವೆಂಬರಿನ ಎರಡನೆಯ ವಾರದಲ್ಲಿ ಬಿದ್ದಿತ್ತು. ಗಂಟು ಹಬ್ಬವನ್ನು ಮುಂಬಯಿಗೂ ಊರಿಗೂ ನಡುವೆ ಎಲ್ಲಿಯೋ ಕಳೆಯಿತು. ಆದರೆ ಮುಖ್ಯ ಸಂಗತಿಯು ಇನ್ನೊಂದು ಕಡೆಯಲ್ಲಿದೆ. ವಿಳಾಸದ ಕೆಳಗೆ, ಬಟ್ಟೆಯ ಮಡಿಕೆಯಲ್ಲಿ ಅಡಗಿ, ನೇರಳೆ ಬಣ್ಣದ ಕಾಪಿ ಪೆನ್ಸಿಲಿನ ಎರಡು ಸಾಲುಗಳಿದ್ದವು.

ಮುಟ್ಟಿಸಲಾಗದ ಪದಾರ್ಥದ ಮೇಲೆ ಪೋಸ್ಟಮನ್ನನು ಕಾರಣವನ್ನು ಬರೆದು, ತಾರೀಖು ಹಾಕಿ, ಸಹಿ ಮಾಡಬೇಕೆಂಬದು ಟಪಾಲು ಖಾತೆಯ ಹಳೆಯ ನಿಯಮ. ಪಡೆಯುವವನು ಬೇಡವೆಂದರೆ ‘ರೆಫ್ಯೂಸ್ಡ್’ ಎಂದು ಬರೆಯುತ್ತಾರೆ. ಆ ಮನೆಯವರು ಎಂಬತ್ತಾರು ವರ್ಷಗಳಿಂದ ನಂಬಿಕೊಂಡು ಬಂದದ್ದು ಆ ಶಬ್ದವನ್ನು. ಬಟ್ಟೆಯ ಮೇಲೆ ಆ ಶಬ್ದವಿಲ್ಲ. ಅಲ್ಲಿರುವದು ‘ಲೆಫ್ಟ್’, ಬಿಟ್ಟುಹೋಗಿದ್ದಾನೆ. ಅದರ ಪಕ್ಕದಲ್ಲಿ ನವೆಂಬರ್ 4 ಎಂದು ತಾರೀಖು, ಒಂದು ಸಹಿ. ಅದರ ಕೆಳಗೆ ಬೇರೊಂದು ಕೈಯಿಂದ, ಬಾಲಬೋಧ ಲಿಪಿಯ ಮರಾಠಿಯಲ್ಲಿ, ‘ಗಣಪತೀನಂತರ ಗೇಲಾ’, ಅಂದರೆ ಗಣಪತಿಯ ಹಬ್ಬದ ತರುವಾಯ ಹೋದನು. ಗಣೇಶ ಚತುರ್ಥಿಯು ಆ ವರ್ಷ ಸೆಪ್ಟೆಂಬರಿನ ನಡುವೆ ಬಂದಿತ್ತು. ತಾಯಿಯು ಗಂಟನ್ನು ಹೊಲಿಯುವದಕ್ಕಿಂತ ಒಂದು ತಿಂಗಳಿಗೂ ಮುಂಚೆಯೇ ಮಗನು ಆ ಖಾನಾವಳಿಯನ್ನು ಬಿಟ್ಟಿದ್ದನು. ಗಂಟು ಅವನ ಕೈಗೆ ಹೋಗಲೇ ಇಲ್ಲ.

ಹುಡುಗನು ಒಳ್ಳೆಯ ಪೂರ್ವಪಕ್ಷವನ್ನೇ ಹೂಡಿದನು: “ಅವರೇ ಒಳಗೆ ಅಡಗಿ ಕೂತು, ಹೋದನೆಂದು ಹೇಳಿಸಿರಬಹುದಲ್ಲ, ಮಾಸ್ತರೇ?” ನಮ್ಮ ನ್ಯಾಯಶಾಸ್ತ್ರವು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳುತ್ತದೆ. ಶಬ್ದವು ಪ್ರಮಾಣವಾಗಬೇಕಾದರೆ ಹೇಳುವವನು ಆಪ್ತನಾಗಿರಬೇಕು. ಆಪ್ತನೆಂದರೆ ನೆಂಟನಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವವನು, ಹೇಳುವದರಲ್ಲಿ ತನಗೇನೂ ಲಾಭವಿಲ್ಲದವನು. ಗಿರಗಾಂವದ ಬೀದಿಯಲ್ಲಿ ಚೀಲ ಹೊತ್ತು ತಿರುಗುವ ಪೋಸ್ಟಮನ್ನನಿಗೆ ಮಾಗೋಡಿನ ತಂದೆ ಮಗನ ಜಗಳದಲ್ಲಿ ಏನು ಆಸಕ್ತಿ? ಖಾನಾವಳಿಯವನಾದರೂ ಸುಳ್ಳು ಹೇಳುವದಿದ್ದರೆ ‘ಇಲ್ಲ’ ಎಂದು ಕೈಯಾಡಿಸುತ್ತಿದ್ದನು. ಯಾವ ಹಬ್ಬದ ತರುವಾಯ ಹೋದನೆಂಬ ಲೆಕ್ಕವನ್ನು ತನ್ನ ಕೈಯಿಂದ ಬರೆದುಕೊಡುವ ಗೊಡವೆ ಅವನಿಗೆ ಯಾಕೆ ಬೇಕು? ಇಷ್ಟಾದ ಮೇಲೆಯೂ ಸಂಶಯಪಡುವವನು ಪಡಬಹುದು. ನಾನು ಪಡುವದಿಲ್ಲ.

ಹಾಗಾದರೆ ಆಗಿನವರು ಇದನ್ನೇಕೆ ಓದಲಿಲ್ಲವೆಂದು ವಾಚಕರು ಕೇಳಬಹುದು. ಆ ಕಾಲದಲ್ಲಿ ಆ ಮನೆಯಲ್ಲಿ ಇಂಗ್ಲಿಷು ಬಲ್ಲವನೆಂದರೆ ಮನೆ ಬಿಟ್ಟುಹೋದ ಆ ಮಗನೊಬ್ಬನೇ. ತಂದೆಗೆ ಕನ್ನಡದ ಓದು ಬರುತ್ತಿತ್ತು, ಕೋಪವಂತೂ ಎಲ್ಲ ಭಾಷೆಗಳನ್ನೂ ಓದಿ ಮುಗಿಸುತ್ತದೆ. ತಾಯಿಗೆ ಅಕ್ಷರವೇ ಇರಲಿಲ್ಲ.

ನಾನು ಓದಿ ಹೇಳಿದ್ದನ್ನು ಕೇಳಿ ಯಜಮಾನರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ ಮಾತನ್ನು ಸಾಧ್ಯವಾದಷ್ಟು ಅವರ ಶಬ್ದಗಳಲ್ಲಿಯೇ ಬರೆಯುತ್ತೇನೆ. “1961ರಲ್ಲಿ ಅಜ್ಜಿ ಹೋದಳು. ನನಗೆ ಆಗ ಹನ್ನೊಂದು ವರ್ಷ. ದೊಡ್ಡಪ್ಪ ಪುಣೆಯಲ್ಲಿ ನೌಕರಿಯಲ್ಲಿದ್ದ. ತಂತಿ ಕೊಟ್ಟದ್ದಕ್ಕೆ ಬಂದ. ಹನ್ನೆರಡನೆಯ ದಿನ ಎಲೆ ಹಾಕಿದ್ದರು. ಏನೋ ಮಾತಿಗೆ ಮಾತು ಬೆಳೆದು ನನ್ನ ಅಪ್ಪಯ್ಯ ಪಂಕ್ತಿಯಲ್ಲಿಯೇ, ತಾಯಿ ಕಳಿಸಿದ ಗಂಟನ್ನು ತಿರುಗಿಸಿದವನಿಗೆ ಇಲ್ಲಿ ಏನು ಮಾತು ಎಂದುಬಿಟ್ಟ. ದೊಡ್ಡಪ್ಪ ಅಪ್ಪಯ್ಯನ ಮುಖ ನೋಡಿ, ಯಾವ ಗಂಟು? ಎಂದು ಕೇಳಿದ. ಎಲ್ಲರೂ ನಾಟಕವೆಂದು ತಿಳಿದರು. ನಾನೂ ಹಾಗೆಯೇ ತಿಳಿದೆ. ಮತ್ತೊಮ್ಮೆ ಕೇಳಿದ, ಯಾವ ಗಂಟು? ಯಾರೂ ಉತ್ತರ ಕೊಡಲಿಲ್ಲ. ಎಲೆಯ ಮುಂದಿನಿಂದ ಎದ್ದು ಹೋದವನು ಮತ್ತೆ ಬರಲಿಲ್ಲ.”

ಅವನೂ ಹೋದನು, ಅವನ ತಮ್ಮನೂ ಹೋದನು. ಪುಣೆಯಲ್ಲಿ ಅವನ ಮಗಳೊಬ್ಬಳಿದ್ದಾಳೆ; ಎರಡು ಮನೆಗಳಿಗೂ ಮದುವೆ ಮುಂಜಿಯ ಕರೆಯೋಲೆಯೂ ಇಲ್ಲದೆ ಅರುವತ್ತು ವರ್ಷಗಳ ಮೇಲಾದವು.

ಬೋಗುಣಿಯ ನೀರನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಕಾಪಿ ಪೆನ್ಸಿಲಿನ ಬಣ್ಣವು ನೀರು ತಾಗಿದೊಡನೆ ಕರಗಿ ಹರಡುತ್ತದೆ. ಎಂಟು ತಿಕೀಟುಗಳು ಚೆನ್ನಾಗಿಯೇ ಎದ್ದು ಬರುತ್ತಿದ್ದವು; ಆ ಎರಡು ಸಾಲುಗಳ ಜಾಗದಲ್ಲಿ ಒಂದು ನೇರಳೆಯ ಕಲೆ ಮಾತ್ರ ಉಳಿಯುತ್ತಿತ್ತು. ಆದಕಾರಣ ಗೃಹಸ್ಥರಲ್ಲಿ ನನ್ನ ವಿನಂತಿ ಇಷ್ಟೇ. ಹಳೆಯ ಲಕೋಟೆ, ಕಾರ್ಡು, ಗಂಟಿನ ಬಟ್ಟೆಗಳು ಸಿಕ್ಕರೆ ತಿಕೀಟನ್ನು ಕತ್ತರಿಸಬೇಡಿರಿ, ನೆನೆಹಾಕಬೇಡಿರಿ, ಬಟ್ಟೆಯನ್ನು ಒಗೆಯಲಿಕ್ಕಂತೂ ಹಾಕಲೇ ಬೇಡಿರಿ. ಹರಿದಲ್ಲಿ ಪಾರದರ್ಶಕ ಅಂಟುಪಟ್ಟಿಯನ್ನು ಹಚ್ಚುವ ಚಟ ಈಗ ಬಹಳ. ಕೆಲವು ವರ್ಷಗಳಲ್ಲಿ ಅದು ಹಳದಿಯಾಗಿ ಅಕ್ಷರವನ್ನೂ ತಿನ್ನುತ್ತದೆ. ಪ್ಲಾಸ್ಟಿಕ್ಕಿನ ಚೀಲದಲ್ಲಿ ಕಟ್ಟಿಟ್ಟರೆ ನಮ್ಮ ಮಳೆಗಾಲದಲ್ಲಿ ಒಳಗೇ ಬೆವತು ಬೂಸಲು ಹಿಡಿಯುತ್ತದೆ. ಒಣ ಕಾಗದದ ನಡುವೆ, ಗಾಳಿಯಾಡುವ ಕಪಾಟಿನಲ್ಲಿಟ್ಟು, ಮಳೆ ಹಿಂದಾದ ಮೇಲೆ ವರ್ಷಕ್ಕೊಮ್ಮೆ ತೆರೆದು ನೋಡುವದು ಒಳ್ಳೆಯದು. ಮುಂಭಾಗದಷ್ಟೇ ಹಿಂಭಾಗವನ್ನೂ ನೋಡಿರಿ. ತಲುಪಿದ ಊರಿನ ಮುದ್ರೆಯನ್ನು ಹಿಂದೆಯೇ ಒತ್ತುವ ಪದ್ಧತಿಯಿತ್ತು. ಮತ್ತು ಓದಲಾಗದ ಲಿಪಿಯಿದ್ದರೆ ಬಲ್ಲವರಿಗೆ ತೋರಿಸುವವರೆಗೆ ಅದರ ಅರ್ಥವನ್ನು ನಿಶ್ಚಯಿಸಬೇಡಿರಿ.

ಯಜಮಾನರು ಮರುವಾರ ನನ್ನನ್ನು ಕರೆಸಿ ಪತ್ರವೊಂದನ್ನು ಬರೆಸಿದರು. ಮೊಮ್ಮಗನು ಬಟ್ಟೆಯ ಚಿತ್ರವನ್ನು ಮೊಬೈಲಿನಿಂದಲೇ ಕ್ಷಣದಲ್ಲಿ ಕಳಿಸುತ್ತೇನೆಂದನು; ಅವರು ಒಪ್ಪಲಿಲ್ಲ. “ಆ ಮಾತು ಪಂಕ್ತಿಯಲ್ಲಿ, ಎಲ್ಲರ ಎದುರಿಗೆ ಆಡಿದ್ದು. ಇದನ್ನು ಬರೆದೇ ಕಳಿಸಬೇಕು” ಎಂದರು. ಪತ್ರದಲ್ಲಿ ಕ್ಷಮೆಯ ಅಲಂಕಾರಗಳಿಲ್ಲ. ಗಂಟಿನಲ್ಲಿ ಏನಿತ್ತು, ಯಾವ ತಾರೀಖಿಗೆ ಹೋಯಿತು, ಯಾವ ತಾರೀಖಿಗೆ ಬಂತು, ಮೇಲೆ ಏನು ಬರೆದಿದೆ, ಪಂಕ್ತಿಯಲ್ಲಿ ನಿಮ್ಮ ತಂದೆಯವರು ಏನು ಕೇಳಿದರು, ಅದಕ್ಕೆ ಉತ್ತರ ಇದು, ಇಷ್ಟೇ. ಆಕೆಗೆ ಕನ್ನಡದ ಓದು ಬರುವದೋ ಇಲ್ಲವೋ ತಿಳಿಯದ್ದರಿಂದ ಬೆಳಗಾವಿಯ ಕಡೆಯಿಂದ ಬಂದ ಆ ಮನೆಯ ಸೊಸೆಯು ಕೆಳಗೆ ಮರಾಠಿಯಲ್ಲಿ ಸಾರಾಂಶ ಬರೆದಳು. ಚಿತ್ರದ ಎರಡು ಪ್ರತಿಗಳನ್ನು ಒಳಗಿಟ್ಟರು. ಬಟ್ಟೆಯನ್ನು ಕಳಿಸಲಿಲ್ಲ, ಬೇಕೆಂದು ಆಕೆ ಬಂದರೆ ಕೈಯಲ್ಲಿ ಕೊಡುವದೆಂದು ಬರೆಸಿದರು.

ಪತ್ರವನ್ನು ರಿಜಿಸ್ಟರ್ ಮಾಡಿಸಬೇಕೆಂದು ಯಜಮಾನರು ಮೊಮ್ಮಗನೊಡನೆ ಯಲ್ಲಾಪುರಕ್ಕೆ ಹೋದರು. ಆ ಪದ್ಧತಿಯು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತೆಂದು ಅಲ್ಲಿ ತಿಳಿಸಿ, ಕಪ್ಪು ಗೀರುಗಳಿರುವ ಅಚ್ಚಿನ ಪಟ್ಟಿಯೊಂದನ್ನು ಲಕೋಟೆಗೆ ಹಚ್ಚಿಕೊಟ್ಟರಂತೆ. “ತಿಕೀಟು ಬೇಡವೇ?” ಎಂದು ಇವರು ಕೇಳಿದರು; ಬೇಡವೆಂದರು. ಆದರೂ ಐದು ರೂಪಾಯಿಯ ತಿಕೀಟೊಂದನ್ನು ಕೊಂಡು ತಾವೇ ಮೂಲೆಗೆ ಅಂಟಿಸಿದರಂತೆ. ನಾಲ್ಕನೆಯ ದಿನ ಪತ್ರ ಮುಟ್ಟಿದ ಸೂಚನೆಯು ಮೊಮ್ಮಗನ ಮೊಬೈಲಿಗೆ ಬಂದಿತು. ಯಜಮಾನರು ಅದನ್ನು ಎರಡು ಸಲ ಓದಿಸಿದರು. ಈ ಬರಹವನ್ನು ಮುಗಿಸುವವರೆಗೆ ಪುಣೆಯಿಂದ ಉತ್ತರ ಬಂದಿಲ್ಲ; ಪತ್ರವೂ ತಿರುಗಿ ಬಂದಿಲ್ಲ.